ಲಂಡನ್ನಿನ ಕಿಡಿ, ಬೆಲ್‌ಫಾಸ್ಟಿನ ಉರಿ

1977ರ ಅಕ್ಟೋಬರ್ 20ರ ಸಂಜೆ. ಉತ್ತರ ಐರ್ಲೆಂಡಿನ ರಾಜಧಾನಿಯಾದ ಬೆಲ್‌ಫಾಸ್ಟ್ ನಗರದ ಬೆಡ್‌ಫೋರ್ಡ್ ಬೀದಿಯಲ್ಲಿ, ಅಲ್ಸ್ಟರ್ ಹಾಲ್ ಎಂಬ ಹಳೆಯ ಸಭಾಭವನದ ಎದುರು, ಹದಿಹರೆಯದ ಹುಡುಗ ಹುಡುಗಿಯರ ಗುಂಪೊಂದು ನೆರೆದಿತ್ತು. ಲಂಡನ್ನಿನಿಂದ ಬಂದಿದ್ದ ‘ದ ಕ್ಲ್ಯಾಶ್’ ಎಂಬ ಪಂಕ್ ವಾದ್ಯತಂಡವು ಅಂದು ಅಲ್ಲಿ ಹಾಡಬೇಕಾಗಿತ್ತು. ಆದರೆ ಕಾರ್ಯಕ್ರಮಕ್ಕೆ ವಿಮೆ ನೀಡಬೇಕಾದವರು ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು, ಬಾಗಿಲು ತೆರೆಯಲಿಲ್ಲ. ನಿರಾಶೆಗೊಂಡ ಯುವಜನರು ಬೀದಿಯಲ್ಲಿಯೇ ಕುಳಿತರು, ಕೂಗಾಡಿದರು, ಪೊಲೀಸರೊಂದಿಗೆ ಕೈಕೈ ಮಿಲಾಯಿಸಿದರು. ಬಾಂಬು ಬಂದೂಕುಗಳ ಸದ್ದು ದಿನನಿತ್ಯದ ಮಾತಾಗಿದ್ದ ಆ ನಗರದಲ್ಲಿ ಅದೊಂದು ಸಣ್ಣ ಗಲಾಟೆಯೇ ಸರಿ. ಆದರೂ ಬೆಲ್‌ಫಾಸ್ಟಿನ ಸಂಗೀತಪ್ರಿಯರು ಅದನ್ನು ‘ಬೆಡ್‌ಫೋರ್ಡ್ ಬೀದಿಯ ಕದನ’ ಎಂದು ಇಂದಿಗೂ ನೆನೆಯುತ್ತಾರೆ. ಅಂದು ಬೀದಿಯಲ್ಲಿ ನಿಂತವರಲ್ಲಿ ಯಾರು ಯಾವ ಮತದವರೆಂದು ಯಾರೂ ಕೇಳಲಿಲ್ಲವೆಂಬುದೇ ಆ ನೆನಪಿಗೆ ಕಾರಣ.

ಇದಾದ ಹದಿನಾರು ತಿಂಗಳೊಳಗೆ ಅದೇ ನಗರದ ನಾಲ್ವರು ಯುವಕರ ತಂಡವೊಂದು ತನ್ನ ಮೊದಲ ಗೀತಸಂಪುಟವನ್ನು ಹೊರತಂದಿತು. ತಂಡದ ಹೆಸರು ‘ಸ್ಟಿಫ್ ಲಿಟಲ್ ಫಿಂಗರ್ಸ್’. ಸಂಪುಟದ ಹೆಸರು ‘ಇನ್‌ಫ್ಲೇಮಬಲ್ ಮೆಟೀರಿಯಲ್’, ಅಂದರೆ ತಟ್ಟನೆ ಹೊತ್ತಿಕೊಳ್ಳುವ ವಸ್ತು. ಅದನ್ನು ಕೇಳಿದವರೆಲ್ಲರೂ ಮೊದಲು ಹೇಳಿದ ಮಾತು ಒಂದೇ: ಇದು ಕ್ಲ್ಯಾಶ್ ತಂಡದ ದಾರಿಯಲ್ಲಿ ನಡೆದ ಸಂಗೀತ. ಆ ಮಾತು ನಿಜವೂ ಹೌದು. ಆದರೆ ದಾರಿ ಇನ್ನೊಬ್ಬರದ್ದಾದ ಮಾತ್ರಕ್ಕೆ ನಡಿಗೆಯೂ ಇನ್ನೊಬ್ಬರದ್ದೇ ಎನ್ನಬಹುದೆ? ಈ ಸಂಪುಟದ ಕಥೆಯಲ್ಲಿರುವ ತಿರುಳು ಈ ಪ್ರಶ್ನೆಯೇ.

ಗೋಡೆಗಳ ನಗರ

1921ರಲ್ಲಿ ಐರ್ಲೆಂಡ್ ದ್ವೀಪವು ಇಬ್ಭಾಗವಾದಾಗ ಉತ್ತರದ ಆರು ಜಿಲ್ಲೆಗಳು ಬ್ರಿಟನ್ನಿನೊಂದಿಗೆ ಉಳಿದವು. ಅಲ್ಲಿ ಬಹುಸಂಖ್ಯಾತರಾಗಿದ್ದ ಪ್ರೊಟೆಸ್ಟೆಂಟರಲ್ಲಿ ಹೆಚ್ಚಿನವರು ಬ್ರಿಟನ್ನಿನ ನಂಟನ್ನು ಬಯಸಿದರೆ, ಕೆಥೊಲಿಕರಲ್ಲಿ ಹೆಚ್ಚಿನವರು ಐರ್ಲೆಂಡಿನ ಏಕೀಕರಣವನ್ನು ಬಯಸಿದರು. ವಸತಿ, ಉದ್ಯೋಗ, ಮತದಾನಗಳಲ್ಲಿ ನಡೆಯುತ್ತಿದ್ದ ತಾರತಮ್ಯದ ವಿರುದ್ಧ 1960ರ ದಶಕದ ಕೊನೆಯಲ್ಲಿ ಎದ್ದ ಚಳುವಳಿಯು ಹಿಂಸೆಗೆ ತಿರುಗಿತು. 1969ರಲ್ಲಿ ಬ್ರಿಟಿಷ್ ಸೈನ್ಯವು ಬೀದಿಗಿಳಿಯಿತು. ಎರಡು ಸಮುದಾಯಗಳ ಕೇರಿಗಳ ನಡುವೆ ಗೋಡೆಗಳೆದ್ದವು. ಅವಕ್ಕೆ ಇಟ್ಟ ಹೆಸರು ‘ಶಾಂತಿರೇಖೆ’ ಎಂದು. 1998ರ ಒಪ್ಪಂದದ ತನಕ ಮೂವತ್ತು ವರ್ಷ ನಡೆದ ಈ ಕಲಹದಲ್ಲಿ 3,500ಕ್ಕೂ ಹೆಚ್ಚು ಜನರು ಪ್ರಾಣ ಕಳೆದುಕೊಂಡರು.

ಎಪ್ಪತ್ತರ ದಶಕದ ನಡುವಿನ ಹೊತ್ತಿಗೆ ಸಂಜೆಯಾದರೆ ಬೆಲ್‌ಫಾಸ್ಟಿನ ನಡುಪೇಟೆ ಬಿಕೋ ಎನ್ನುತ್ತಿತ್ತು. ಪೇಟೆಯ ಸುತ್ತ ಉಕ್ಕಿನ ಬೇಲಿ. ಒಳಗೆ ಹೋಗುವವರ ಚೀಲ ಕಿಸೆಗಳ ತಪಾಸಣೆ. 1975ರ ಜುಲೈ 31ರ ರಾತ್ರಿ ‘ಮಯಾಮಿ ಶೋಬ್ಯಾಂಡ್’ ಎಂಬ ಜನಪ್ರಿಯ ತಂಡದವರು ಕಾರ್ಯಕ್ರಮ ಮುಗಿಸಿ ಡಬ್ಲಿನ್ನಿಗೆ ಹಿಂದಿರುಗುತ್ತಿದ್ದಾಗ, ಸೈನಿಕರ ವೇಷದಲ್ಲಿದ್ದ ಬಂದೂಕುಧಾರಿಗಳು ದಾರಿಯಲ್ಲಿ ತಡೆದು ಮೂವರು ಕಲಾವಿದರನ್ನು ಕೊಂದರು. ಆಮೇಲೆ ಹೊರಗಿನ ತಂಡಗಳು ಆ ಕಡೆ ತಲೆಹಾಕುವುದೇ ಅಪರೂಪವಾಯಿತು. ಐರಿಷ್ ಗಿಟಾರ್ ವಾದಕ ರೋರಿ ಗ್ಯಾಲಗರ್ ಅವರಂಥ ಕೆಲವರು ಮಾತ್ರ ತಪ್ಪದೆ ಬಂದು ಹಾಡಿ ಹೋಗುತ್ತಿದ್ದರು. ಹದಿಹರೆಯದವರಿಗೆ ಹಾಡು ಕೇಳಲು ಜಾಗವಿಲ್ಲ, ಹಾಡಲು ವೇದಿಕೆಯಿಲ್ಲ ಎಂಬಂತಹ ಸ್ಥಿತಿ ಅದು.

ಇಂಥ ನಗರದಲ್ಲಿ ಜೇಕ್ ಬರ್ನ್ಸ್ ಎಂಬ ಗ್ಯಾಲಗರ್ ಅಭಿಮಾನಿ ತನ್ನ ಗೆಳೆಯರನ್ನು ಕೂಡಿಕೊಂಡು ಒಂದು ವಾದ್ಯತಂಡ ಕಟ್ಟಿದ್ದ. ‘ಡೀಪ್ ಪರ್ಪಲ್’ ತಂಡದ ಹಾಡೊಂದರಿಂದ ಹೆಸರನ್ನು ಎರವಲು ಪಡೆದು ಅದಕ್ಕೆ ‘ಹೈವೇ ಸ್ಟಾರ್’ ಎಂದು ಹೆಸರಿಟ್ಟಿದ್ದರು. ಹೆಸರಿನಂತೆ ಹಾಡುಗಳೂ ಎರವಲಿನವೇ. ದೊಡ್ಡ ತಂಡಗಳ ಹಾಡುಗಳನ್ನು ಇದ್ದಂತೆಯೇ ನುಡಿಸಿ ತೋರಿಸುವುದಷ್ಟೇ ಅವರ ಕೆಲಸವಾಗಿತ್ತು. ತಂಡದ ಇನ್ನೊಬ್ಬ ಗಿಟಾರ್ ವಾದಕ ಹೆನ್ರಿ ಕ್ಲೂನಿ ಪಂಕ್ ಸಂಗೀತದ ರುಚಿ ಹತ್ತಿಸಿಕೊಂಡು ಬಂದು ಉಳಿದವರಿಗೂ ಅದನ್ನು ಹತ್ತಿಸಿದ. ಕೂಡಲೇ ಹೆಸರು ಬದಲಾಯಿತು. ಅದೂ ಎರವಲೇ: ‘ದ ವೈಬ್ರೇಟರ್ಸ್’ ಎಂಬ ಪಂಕ್ ತಂಡದ ಒಂದು ಹಾಡಿನ ಹೆಸರು ‘ಸ್ಟಿಫ್ ಲಿಟಲ್ ಫಿಂಗರ್ಸ್’. ಬೇಸ್ ಗಿಟಾರಿಗೆ ಆಲಿ ಮೆಕ್‌ಮಾರ್ಡಿ, ಡ್ರಮ್ಮಿಗೆ ಬ್ರಯನ್ ಫಲೂನ್ ಜೊತೆಯಾದರು.

ಮೂರು ಸ್ವರಗುಚ್ಛಗಳ ಸಂಗೀತ

ಪಂಕ್ ಎಂದರೆ ಕೇಶವಿನ್ಯಾಸ ಮತ್ತು ಹರಿದ ಉಡುಪು ಮಾತ್ರವೆಂದು ತಿಳಿದವರುಂಟು. ಸಂಗೀತದ ದೃಷ್ಟಿಯಿಂದ ಅದು ಒಂದು ಸರಳೀಕರಣ. ಎಪ್ಪತ್ತರ ದಶಕದ ರಾಕ್ ಸಂಗೀತವು ದೀರ್ಘ ಆಲಾಪ, ದುಬಾರಿ ಉಪಕರಣ ಮತ್ತು ಬೃಹತ್ ಕ್ರೀಡಾಂಗಣಗಳ ಕಡೆಗೆ ವಾಲಿ, ಸಾಮಾನ್ಯ ಹುಡುಗರ ಕೈಗೆಟುಕದಂತಾಗಿತ್ತು. 1976ರಲ್ಲಿ ನ್ಯೂಯಾರ್ಕಿನ ‘ರಮೋನ್ಸ್’ ತಂಡವು ಅರ್ಧ ಗಂಟೆಯೂ ಇಲ್ಲದ ಸಂಪುಟದಲ್ಲಿ ಹದಿನಾಲ್ಕು ಹಾಡುಗಳನ್ನು ತುಂಬಿಸಿ, ಮೂರು ನಾಲ್ಕು ಸ್ವರಗುಚ್ಛಗಳು ಬಂದರೆ ಸಾಕು, ಹಾಡು ಕಟ್ಟಬಹುದೆಂದು ತೋರಿಸಿತು. ಲಂಡನ್ನಿನಲ್ಲಿ ಅದನ್ನು ಕೇಳಿ ಕಲಿತವರಲ್ಲಿ ಕ್ಲ್ಯಾಶ್ ತಂಡದವರೂ ಇದ್ದರು. ಅದರ ಬೇಸ್ ವಾದಕ ಪಾಲ್ ಸಿಮನನ್ ರಮೋನ್ಸ್ ಮುದ್ರಿಕೆಯ ಜೊತೆ ಜೊತೆಯಾಗಿ ನುಡಿಸುತ್ತಲೇ ಕೈ ಪಳಗಿಸಿಕೊಂಡವರು. ಹೀಗೆ ಬೆಲ್‌ಫಾಸ್ಟಿನವರಿಗೆ ಗುರುವಾದವರು ಸ್ವತಃ ಇನ್ನೊಬ್ಬರ ಶಿಷ್ಯರೇ ಆಗಿದ್ದರು.

ಜೋ ಸ್ಟ್ರಮರ್ ಮತ್ತು ಮಿಕ್ ಜೋನ್ಸ್ ಬರೆದ ಕ್ಲ್ಯಾಶ್‌ನ ಮೊದಲ ಸಂಪುಟವು 1977ರ ಏಪ್ರಿಲಿನಲ್ಲಿ ಬಂದಿತು. ರಮೋನ್ಸ್ ತಂಡದ ವೇಗಕ್ಕೆ ಅವರು ಒಂದು ಹೊಸ ಸಂಗತಿಯನ್ನು ಕೂಡಿಸಿದ್ದರು. ತಂಡದ ವ್ಯವಸ್ಥಾಪಕ ಬರ್ನಿ ರೋಡ್ಸ್ ಅವರಿಗೆ ಹೇಳಿದ್ದು ಇಷ್ಟೇ: ಪ್ರೇಮಗೀತೆಗಳನ್ನು ಬಿಡಿ, ನಿಮ್ಮನ್ನು ಕಾಡುವುದನ್ನು ಬರೆಯಿರಿ. ಅದರಂತೆ ನಿರುದ್ಯೋಗ, ಎತ್ತರದ ವಸತಿ ಕಟ್ಟಡಗಳ ಬೇಸರ, 1976ರ ನಾಟಿಂಗ್ ಹಿಲ್ ಉತ್ಸವದಲ್ಲಿ ಪೊಲೀಸರಿಗೂ ಕಪ್ಪು ಯುವಕರಿಗೂ ನಡೆದ ಸಂಘರ್ಷ, ಇವೆಲ್ಲ ಅವರ ಹಾಡಿನ ವಸ್ತುಗಳಾದವು. ಜಮೈಕಾದ ಜೂನಿಯರ್ ಮರ್ವಿನ್ ಹಾಡಿದ್ದ ‘ಪೊಲೀಸ್ ಆ್ಯಂಡ್ ಥೀವ್ಸ್’ ಎಂಬ ರೆಗೆ ಹಾಡನ್ನು ಎತ್ತಿಕೊಂಡು ಸುಮಾರು ಆರು ನಿಮಿಷ ಬೆಳೆಸಿ ಹಾಡಿದರು. ಎರಡು ನಿಮಿಷದ ಹಾಡುಗಳ ನಡುವೆ ಈ ದೀರ್ಘ ಗೀತೆಯು ಎಲ್ಲರ ಗಮನ ಸೆಳೆಯಿತು.

ಈ ಸಂಪುಟವು ಜೇಕ್ ಬರ್ನ್ಸ್ ಕೈಗೆ ಸಿಕ್ಕಿದ ದಿನದಿಂದ ಅವನ ಕಲ್ಪನೆ ಬದಲಾಯಿತು. ಯಾವುದೋ ದೇಶದ ಹೆದ್ದಾರಿ, ಯಾವುದೋ ಮೋಟಾರು, ಯಾವುದೋ ಸುಂದರಿಯ ಬಗ್ಗೆ ಹಾಡಬೇಕಾಗಿಲ್ಲ. ತನ್ನ ಬೀದಿಯ ಬಗ್ಗೆಯೇ ಹಾಡಬಹುದು ಎಂಬುದನ್ನು ಕ್ಲ್ಯಾಶ್ ತನಗೆ ಕಲಿಸಿತೆಂದು ಅವನು ಮುಂದೆ ಅನೇಕ ಸಂದರ್ಶನಗಳಲ್ಲಿ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ.

ಅನುಮಾನದ ಪೊಟ್ಟಣ

ಆದರೆ ಪಾಠ ಕೂಡಲೇ ಮೈಗೂಡಲಿಲ್ಲ. ಆರಂಭದ ದಿನಗಳಲ್ಲಿ ತಂಡವು ಪಂಕ್ ಹಾಡುಗಳನ್ನು ಕೂಡ ಹಿಂದಿನಂತೆಯೇ ನಕಲು ಮಾಡಿ ಹಾಡುತ್ತಿತ್ತು. 1977ರ ಕೊನೆಯಲ್ಲಿ ಗಾರ್ಡನ್ ಓಗಿಲ್ವಿ ಮತ್ತು ಕಾಲಿನ್ ಮೆಕ್‌ಲೆಲಂಡ್ ಎಂಬ ಇಬ್ಬರು ಪತ್ರಕರ್ತರು ಅವರ ಕಾರ್ಯಕ್ರಮವನ್ನು ನೋಡಿದರು. ನಿಮ್ಮ ಸುತ್ತ ನಡೆಯುತ್ತಿರುವುದನ್ನೇಕೆ ಹಾಡಬಾರದು ಎಂಬುದು ಅವರು ಹಾಕಿದ ಪ್ರಶ್ನೆ. ಓಗಿಲ್ವಿ ಅಲ್ಲಿಗೇ ನಿಲ್ಲದೆ ಒಂದು ಹಾಡಿನ ಸಾಹಿತ್ಯವನ್ನೂ ಬರೆದುಕೊಟ್ಟರು. ಮುಂದೆ ತಂಡದ ವ್ಯವಸ್ಥಾಪಕರೂ ಸಹಕವಿಯೂ ಆದರು.

ಆ ಹಾಡೇ ‘ಸಸ್ಪೆಕ್ಟ್ ಡಿವೈಸ್’. ಬೀದಿಬದಿಯಲ್ಲಿ ವಾರಸುದಾರರಿಲ್ಲದ ಪೊಟ್ಟಣ ಕಂಡರೆ ಸೈನಿಕರು ಬಳಸುತ್ತಿದ್ದ ಮಾತು ಅದು. ಆ ಮಾತನ್ನು ಹಾಡು ಎರಡೂ ಕಡೆಯ ನಾಯಕರತ್ತ ತಿರುಗಿಸುತ್ತದೆ. ಸ್ವಾತಂತ್ರ್ಯದ ಹೆಸರಿನಲ್ಲಿ ತರುಣರನ್ನು ಬಲಿಕೊಡುವವರನ್ನು ನಂಬಬೇಡಿರೆಂದು ಕೇಳುವವನನ್ನೇ ಎಚ್ಚರಿಸುತ್ತದೆ. ಮುದ್ರಿಸಲು ಕಂಪನಿಯಿಲ್ಲವಾದ್ದರಿಂದ ತಂಡದವರು ‘ರಿಜಿಡ್ ಡಿಜಿಟ್ಸ್’ ಎಂಬ ಸ್ವಂತ ಲೇಬಲ್ಲನ್ನೇ ಹುಟ್ಟುಹಾಕಿ 1978ರ ಮೊದಲ ತಿಂಗಳುಗಳಲ್ಲಿ ಅದನ್ನು ಹೊರತಂದರು. ಧ್ವನಿಸುರುಳಿಯನ್ನು ಬೆಂಕಿಬಾಂಬಿನಂತೆ ಕಾಣುವ ಪೊಟ್ಟಣದಲ್ಲಿ ಕಟ್ಟಿ ಕಳುಹಿಸಿದ್ದರಂತೆ; ಅದು ತಲುಪಿದ ಕಚೇರಿಯೊಂದರಲ್ಲಿ ಹೆದರಿದವರು ಅದನ್ನು ನೀರಿನ ಬಕೆಟ್ಟಿಗೆ ಎಸೆದು, ಆಮೇಲೆ ಫೋನು ಮಾಡಿ ಇನ್ನೊಂದು ಪ್ರತಿ ಕೇಳಿದರೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಬಿಬಿಸಿ ರೇಡಿಯೋದ ಪ್ರಸಿದ್ಧ ನಿರೂಪಕ ಜಾನ್ ಪೀಲ್ ಈ ಹಾಡನ್ನು ಮೆಚ್ಚಿ ಮತ್ತೆ ಮತ್ತೆ ಪ್ರಸಾರ ಮಾಡಿದ್ದರಿಂದ ತಂಡದ ಹೆಸರು ಬ್ರಿಟನ್ನಿನಾದ್ಯಂತ ಹಬ್ಬಿತು.

ದೊಡ್ಡ ಕಂಪನಿಯೊಂದು ಒಪ್ಪಂದದ ಆಸೆ ತೋರಿಸಿ ಕೈಬಿಟ್ಟಿತು. ಆ ನಿರಾಶೆಯೂ ಒಂದು ಹಾಡಾಯಿತು. ಕೊನೆಗೆ ನೆರವಿಗೆ ಬಂದುದು 1976ರಲ್ಲಿ ಜೆಫ್ ಟ್ರಾವಿಸ್ ಪಶ್ಚಿಮ ಲಂಡನ್ನಿನಲ್ಲಿ ತೆರೆದಿದ್ದ ‘ರಫ್ ಟ್ರೇಡ್’ ಎಂಬ ಧ್ವನಿಮುದ್ರಿಕೆಗಳ ಅಂಗಡಿ. 1979ರ ಫೆಬ್ರವರಿಯಲ್ಲಿ ಬಿಡುಗಡೆಯಾದ ‘ಇನ್‌ಫ್ಲೇಮಬಲ್ ಮೆಟೀರಿಯಲ್’ ಆ ಅಂಗಡಿಯವರು ಹೊರತಂದ ಮೊತ್ತಮೊದಲ ಪೂರ್ಣ ಸಂಪುಟ. ಅದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ 14ನೆಯ ಸ್ಥಾನಕ್ಕೇರಿತು. ದೊಡ್ಡ ಕಂಪನಿಗಳ ಬೆಂಬಲವಿಲ್ಲದೆ ಬಂದ ಸಂಪುಟವೊಂದು ಆ ಪಟ್ಟಿಯ ಮೊದಲ ಇಪ್ಪತ್ತರೊಳಗೆ ಸೇರಿದ್ದು ಅದೇ ಮೊದಲು. ಒಂದು ಲಕ್ಷಕ್ಕೂ ಹೆಚ್ಚು ಪ್ರತಿಗಳು ಖರ್ಚಾದವು.

ಎಲ್ಲಿ ನೆರಳು, ಎಲ್ಲಿ ಬೆಳಕು

ಎರಡು ಸಂಪುಟಗಳನ್ನು ಒಂದರ ಬಳಿಕ ಒಂದರಂತೆ ಕೇಳಿದರೆ ಋಣವು ಕಿವಿಗೆ ನೇರವಾಗಿ ತಾಗುತ್ತದೆ. ಎರಡು ಗಿಟಾರುಗಳು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಕ್ರಮ, ಗಂಟಲು ಹರಿಯುವಂತೆ ಕೂಗುವ ಗಾಯನ, ಗುಂಪಾಗಿ ಹಾಡುವ ಪಲ್ಲವಿ, ಎಲ್ಲವೂ ಕ್ಲ್ಯಾಶ್ ಮಾದರಿಯವು. ಕ್ಲ್ಯಾಶ್‌ನಲ್ಲಿ ‘ವೈಟ್ ರಯಟ್’ ಇದ್ದರೆ ಇಲ್ಲಿ ‘ವೈಟ್ ನಾಯ್ಸ್’ ಇದೆ. ಅಲ್ಲಿ ಜಮೈಕಾದ ಹಾಡೊಂದನ್ನು ಲಂಬಿಸಿದ್ದರೆ ಇಲ್ಲಿಯೂ ಜಮೈಕಾದ ಹಾಡೊಂದು ಲಂಬಿಸಿದೆ.

ಈ ಕೊನೆಯ ಹೋಲಿಕೆಯಲ್ಲಿಯೇ ವ್ಯತ್ಯಾಸವೂ ಅಡಗಿದೆ. ಬಾಬ್ ಮಾರ್ಲಿ 1976ರಲ್ಲಿ ಹಾಡಿದ ‘ಜಾನಿ ವಾಸ್’ ಎಂಬುದು ಬೀದಿಯಲ್ಲಿ ಗುಂಡೇಟಿಗೆ ಬಲಿಯಾದ ನಿರಪರಾಧಿ ಮಗನಿಗಾಗಿ ತಾಯಿಯೊಬ್ಬಳು ಅಳುವ ಹಾಡು. ಸ್ಟಿಫ್ ಲಿಟಲ್ ಫಿಂಗರ್ಸ್ ತಂಡವು ಅದನ್ನು ಎಂಟು ನಿಮಿಷಗಳಷ್ಟು ಉದ್ದಕ್ಕೆ ಬೆಳೆಸಿತು. ಸೈನ್ಯದ ಕವಾಯತನ್ನು ನೆನಪಿಸುವ ಡ್ರಮ್ಮಿನ ಪೆಟ್ಟುಗಳನ್ನು ಅದಕ್ಕೆ ಜೋಡಿಸಿತು. ಹಾಡಿನೊಳಗೆ ಬೆಲ್‌ಫಾಸ್ಟಿನ ಹೆಸರನ್ನೇ ತಂದಿತು. ಕಿಂಗ್‌ಸ್ಟನ್ನಿನ ತಾಯಿ ಅಲ್ಲಿಂದ ಮುಂದೆ ಬೆಲ್‌ಫಾಸ್ಟಿನ ತಾಯಿಯಾದಳು. ಅವಳು ಯಾವ ಮತದವಳೆಂದು ಹಾಡು ಹೇಳುವುದಿಲ್ಲ. ವ್ಯಾಸರ ಕಥೆಯನ್ನು ಎತ್ತಿಕೊಂಡ ಪಂಪನು ಅದರೊಳಗೆ ತನ್ನ ಬನವಾಸಿಯನ್ನು ತಂದದ್ದನ್ನು ಓದಿ ಬೆಳೆದವರಿಗೆ ಈ ಕ್ರಮ ಅಪರಿಚಿತವೇನಲ್ಲ. ಪಡೆದದ್ದನ್ನು ತನ್ನ ನೆಲದ ಮೇಲೆ ಇಳಿಸುವುದು ಎಲ್ಲ ಕಾಲದ ಕವಿಗಳೂ ಮಾಡಿದ ಕೆಲಸ.

ಉಳಿದ ಹಾಡುಗಳಲ್ಲಿಯೂ ಈ ಇಳಿಸುವಿಕೆ ಕಾಣುತ್ತದೆ. ‘ವೇಸ್ಟೆಡ್ ಲೈಫ್’ ಹಾಡಿನ ಯುವಕ ಯಾವ ಕಡೆಯ ಸಶಸ್ತ್ರ ಪಡೆಗೂ ಸೇರಲಾರೆನೆಂದು ಹಟ ಹಿಡಿಯುತ್ತಾನೆ. ಲಂಡನ್ನಿನಲ್ಲಿ ಅಂಥ ಮಾತಿಗೆ ಬೆಲೆ ತೆರಬೇಕಾಗಿರಲಿಲ್ಲ. ಗೋಡೆಗೋಡೆಗಳಲ್ಲಿಯೂ ಪಡೆಗಳ ಹೆಸರು ಬರೆದಿದ್ದ ಕೇರಿಗಳಲ್ಲಿ ಬೆಳೆದವರಿಗೆ ಅದು ಸಣ್ಣ ಮಾತಲ್ಲ. ‘ಬಾರ್ಬ್ಡ್ ವಯರ್ ಲವ್’ ಹಾಡು ಮುಳ್ಳುತಂತಿಯ ನಡುವೆ ಹುಟ್ಟಿದ ಪ್ರೇಮದ ಕಥೆ; ಯುದ್ಧದ ಪದಗಳನ್ನೇ ಶ್ಲೇಷೆಯಾಗಿ ಬಳಸಿ, ನಡುವೆ ಐವತ್ತರ ದಶಕದ ಪ್ರೇಮಗೀತೆಗಳ ಧಾಟಿಯನ್ನು ತಂದು ನಗಿಸುತ್ತದೆ. ಭಯದ ನಡುವೆಯೂ ನಗುವ ಈ ಗುಣ ಕ್ಲ್ಯಾಶ್‌ನಿಂದ ಬಂದದ್ದಲ್ಲ. ಅಂತ್ಯಕ್ಕೆ ಸಮೀಪದಲ್ಲಿರುವ ‘ಆಲ್ಟರ್ನೇಟಿವ್ ಅಲ್ಸ್ಟರ್’ ಇಡೀ ಸಂಪುಟದ ಹೃದಯವೆನ್ನಬಹುದು. ಅದೇ ಹೆಸರಿನ ಕೈಪತ್ರಿಕೆಯೊಂದಕ್ಕಾಗಿ ಹುಟ್ಟಿದ ಈ ಹಾಡು, ಮಾಡಲು ಏನೂ ಇಲ್ಲವೆಂದು ಗೊಣಗುವವರಿಗೆ, ಬೇರೆಯ ನಾಡೊಂದನ್ನು ನೀವೇ ಕಟ್ಟಿರೆಂದು ಹೇಳುತ್ತದೆ.

ಒಳಗಿನವರ ಆಕ್ಷೇಪ

ಹೊರಗೆ ಹೊಗಳಿಕೆ ಕೇಳಿದಷ್ಟು ಊರೊಳಗೆ ಕೇಳಲಿಲ್ಲ. ಬೆಲ್‌ಫಾಸ್ಟಿನ ಪಂಕ್ ವಲಯದ ಕೆಲವರು ಈ ಹಾಡುಗಳ ಬಗ್ಗೆ ಮುಖ ಸಿಂಡರಿಸಿದರು. ಊರಿನ ನೋವನ್ನು ಸರಕು ಮಾಡಿ ಲಂಡನ್ನಿನ ಪೇಟೆಯಲ್ಲಿ ಮಾರುತ್ತಿದ್ದಾರೆ, ಸಾಹಿತ್ಯವನ್ನು ಬರೆದದ್ದು ತಂಡದವರಲ್ಲ, ಒಬ್ಬ ಪತ್ರಕರ್ತ ಎಂಬುದು ಆಕ್ಷೇಪ. ಕ್ಲ್ಯಾಶ್ ತಂಡದವರು ಅಕ್ಟೋಬರಿನ ಆ ಭೇಟಿಯಲ್ಲಿ ಸೈನಿಕರ ಮತ್ತು ತಡೆಬೇಲಿಗಳ ಎದುರು ನಿಂತು ಭಾವಚಿತ್ರ ತೆಗೆಸಿಕೊಂಡಾಗಲೂ ಇದೇ ಬಗೆಯ ಅಸಮಾಧಾನ ಎದ್ದಿತ್ತು. ತಾವು ದಿನವೂ ಅನುಭವಿಸುವ ಸಂಕಟವು ಇನ್ನೊಬ್ಬರ ಹಿನ್ನೆಲೆಯ ಪರದೆಯಾಗುವುದನ್ನು ಯಾರೂ ಸಹಿಸರು.

ಇದಕ್ಕೆ ಎದುರಾಗಿ ಡೆರಿ ಪಟ್ಟಣದ ‘ದ ಅಂಡರ್‌ಟೋನ್ಸ್’ ತಂಡವನ್ನು ನಿಲ್ಲಿಸುವುದು ವಾಡಿಕೆ. ಅವರ ಊರೂ ಕಲಹದಿಂದ ಬೆಂದದ್ದೇ. ಆದರೆ ಅವರು ರಮೋನ್ಸ್ ತಂಡದ ದಾರಿ ಹಿಡಿದು ಹದಿಹರೆಯದ ಪ್ರೀತಿ, ಬೇಸಗೆಯ ರಜೆ, ಗೆಳೆಯರ ಜಗಳಗಳನ್ನು ಹಾಡಿದರು. ಬೆಲ್‌ಫಾಸ್ಟಿನಲ್ಲಿ ‘ಗುಡ್ ವೈಬ್ರೇಶನ್ಸ್’ ಎಂಬ ಅಂಗಡಿಯನ್ನಿಟ್ಟಿದ್ದ ಟೆರಿ ಹೂಲಿ 1978ರಲ್ಲಿ ಹೊರತಂದ ಅವರ ‘ಟೀನೇಜ್ ಕಿಕ್ಸ್’ ಹಾಡನ್ನು ಜಾನ್ ಪೀಲ್ ತನ್ನ ಜೀವಮಾನದ ಅತ್ಯಂತ ಪ್ರಿಯ ಹಾಡೆಂದು ಕರೆದರು. ಬಾಂಬು ಸಿಡಿಯುವ ಊರಿನಲ್ಲಿ ಬಾಂಬಿನ ಬಗ್ಗೆಯೇ ಯಾಕೆ ಹಾಡಬೇಕು, ಸಾಮಾನ್ಯ ಹುಡುಗರಂತೆ ಬದುಕುವ ಆಸೆಯೇ ಒಂದು ಪ್ರತಿಭಟನೆಯಲ್ಲವೆ ಎಂಬುದು ಈ ಪಕ್ಷದ ವಾದ.

ಎರಡೂ ವಾದಗಳಲ್ಲಿ ಸತ್ಯವಿದೆ. ಓಗಿಲ್ವಿ ಹೊರಗಿನಿಂದ ಬಂದು ದಾರಿ ತೋರಿದ್ದು ನಿಜ. ಬರ್ನ್ಸ್ ಮತ್ತು ಗೆಳೆಯರು ಆ ಬೀದಿಗಳಲ್ಲಿ ಹುಟ್ಟಿ ಬೆಳೆದವರು, ತಪಾಸಣೆಗೆ ಕೈಯೆತ್ತಿ ನಿಂತವರು ಎಂಬುದೂ ಅಷ್ಟೇ ನಿಜ. ಕೇಳಬೇಕೆಂದು ತೋರದಿದ್ದ ಪ್ರಶ್ನೆಯನ್ನು ಹೊರಗಿನವನೊಬ್ಬ ಕೇಳಿದರೆ ಉತ್ತರವು ಹೊರಗಿನದಾಗುವುದಿಲ್ಲ. ಅದೇ ಹೊತ್ತಿಗೆ, ಎಲ್ಲರೂ ಒಂದೇ ಹಾಡನ್ನು ಹಾಡಬೇಕೆಂಬ ನಿಯಮವನ್ನು ಅಂಡರ್‌ಟೋನ್ಸ್ ಒಪ್ಪಲಿಲ್ಲವೆಂಬುದೂ ಒಳ್ಳೆಯದೇ ಆಯಿತು. ಒಬ್ಬರು ಕ್ಲ್ಯಾಶ್‌ನಿಂದ, ಇನ್ನೊಬ್ಬರು ರಮೋನ್ಸ್‌ನಿಂದ ಕಲಿತರು. ಆ ಸಣ್ಣ ಪ್ರಾಂತಕ್ಕೆ ಎರಡು ಭಿನ್ನ ಕಂಠಗಳು ದೊರೆತವು.

ಪಂಕ್ ಹಾಡುಗಳು ಗೋಡೆಗಳನ್ನು ಕೆಡವಿದವೆಂದು ಹೇಳಲಾಗದು. ಅವುಗಳಲ್ಲಿ ಅನೇಕ ಗೋಡೆಗಳು ಇಂದಿಗೂ ನಿಂತಿವೆ. ಆದರೆ ಹಿಲ್ ಬೀದಿಯ ಹಾರ್ಪ್ ಬಾರ್‌ನಂತಹ ಕೆಲವು ಜಾಗಗಳಲ್ಲಿ ಎರಡೂ ಕೇರಿಗಳ ಯುವಜನರು ಹಾಡು ಕೇಳಲು ಒಟ್ಟಿಗೆ ಸೇರಿದರು. ಅವರಲ್ಲಿ ಅನೇಕರಿಗೆ ಇನ್ನೊಂದು ಕಡೆಯ ಗೆಳೆಯರು ಸಿಕ್ಕಿದ್ದು ಅಲ್ಲಿಯೇ.

ಕಾಯದೆ ಕಟ್ಟಿದವರು

ಅದೇ ದಶಕದಲ್ಲಿ ಅದೇ ನಗರದಲ್ಲಿ ಇನ್ನೊಂದು ಕೆಲಸವೂ ನಡೆದಿತ್ತು. ಪಂಕ್ ಸಂಗೀತಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಆದರೂ ಗಡಿಯಾಚೆಗಿನ ಕನ್ನಡ ಶಾಲೆಗಳಿಗೆ ಮಕ್ಕಳನ್ನು ಕಳುಹಿಸುವ ತಂದೆತಾಯಿಗಳು ಅದನ್ನು ಅರಿಯುವುದು ಉಚಿತ. ಪಶ್ಚಿಮ ಬೆಲ್‌ಫಾಸ್ಟಿನ ಷಾಸ್ ರೋಡ್ ಎಂಬಲ್ಲಿ ಐರಿಷ್ ಭಾಷೆಯನ್ನು ಮನೆಮಾತಾಗಿ ಮಾಡಿಕೊಂಡ ಕೆಲವು ಕುಟುಂಬಗಳು 1971ರಲ್ಲಿ ಒಂಬತ್ತು ಮಕ್ಕಳೊಂದಿಗೆ ಐರಿಷ್ ಮಾಧ್ಯಮದ ಪ್ರಾಥಮಿಕ ಶಾಲೆಯೊಂದನ್ನು ತಾವೇ ತೆರೆದವು. ಸರಕಾರದ ಮಾನ್ಯತೆ ದೊರೆತದ್ದು 1984ರಲ್ಲಿ. ನಡುವಿನ ಹದಿಮೂರು ವರ್ಷ ಅದನ್ನು ನಡೆಸಿದ್ದು ಮನೆಯವರ ದುಡ್ಡು ಮತ್ತು ದುಡಿಮೆ. ವೇದಿಕೆ ಕೊಡುವವರಿಲ್ಲದಾಗ ತಾವೇ ಲೇಬಲ್ ತೆರೆದ ಹುಡುಗರು, ಶಾಲೆ ಕೊಡುವವರಿಲ್ಲದಾಗ ತಾವೇ ಶಾಲೆ ಕಟ್ಟಿದ ಹೆತ್ತವರು, ಈ ಇಬ್ಬರೂ ಅನುಕೂಲದ ಕಾಲ ಬರಲೆಂದು ಕಾದು ಕುಳಿತವರಲ್ಲ.

ತೀರಿಸಿದ ಋಣ

ಸ್ಟಿಫ್ ಲಿಟಲ್ ಫಿಂಗರ್ಸ್ ತಂಡವು ಮುಂದೆ ಲಂಡನ್ನಿಗೆ ನೆಲೆ ಬದಲಿಸಿತು. ಇನ್ನೂ ಮೂರು ಸಂಪುಟಗಳ ಬಳಿಕ 1983ರಲ್ಲಿ ಒಡೆಯಿತು. 1987ರಲ್ಲಿ ಮತ್ತೆ ಕೂಡಿತು. ಶಿಷ್ಯರಿಗೂ ಶಿಷ್ಯರು ಹುಟ್ಟಿದರು. 2000ದಲ್ಲಿ ಬಂದ ‘ಹೈ ಫಿಡೆಲಿಟಿ’ ಎಂಬ ಚಲನಚಿತ್ರದಲ್ಲಿ ಧ್ವನಿಮುದ್ರಿಕೆಗಳ ಅಂಗಡಿಯ ನೌಕರನೊಬ್ಬ ಗ್ರಾಹಕಳಿಗೆ ವಿವರಿಸುವ ಪಾಠ ಇದೇ: ಅಮೆರಿಕದ ‘ಗ್ರೀನ್ ಡೇ’ ತಂಡದ ಬೇರುಗಳು ಎರಡು, ಒಂದು ಕ್ಲ್ಯಾಶ್, ಇನ್ನೊಂದು ಸ್ಟಿಫ್ ಲಿಟಲ್ ಫಿಂಗರ್ಸ್. ಗುರುವಿನ ಸಾಲಿನಲ್ಲಿಯೇ ಶಿಷ್ಯನ ಹೆಸರೂ ಸೇರಿದ ಗಳಿಗೆ ಅದು.

ಜೋ ಸ್ಟ್ರಮರ್ 2002ರ ಡಿಸೆಂಬರಿನಲ್ಲಿ, ಐವತ್ತರ ಹರೆಯದಲ್ಲಿ, ಹಠಾತ್ತನೆ ತೀರಿಕೊಂಡರು. ಮರುವರ್ಷ ಬಂದ ಸ್ಟಿಫ್ ಲಿಟಲ್ ಫಿಂಗರ್ಸ್ ತಂಡದ ‘ಗಿಟಾರ್ ಆ್ಯಂಡ್ ಡ್ರಮ್’ ಸಂಪುಟದಲ್ಲಿ ‘ಸ್ಟ್ರಮರ್‌ವಿಲ್’ ಎಂಬ ಹಾಡೊಂದಿದೆ. ಅದು ಅವರಿಗೆ ಸಲ್ಲಿಸಿದ ನುಡಿನಮನ. ಯಾರಿಂದ ಕಲಿತೆವೆಂಬುದನ್ನು ಬರ್ನ್ಸ್ ಎಂದೂ ಮರೆಮಾಡಲಿಲ್ಲ. ಬೆಡ್‌ಫೋರ್ಡ್ ಬೀದಿಯಲ್ಲಿ ಅಂದು ಮುಚ್ಚಿದ ಬಾಗಿಲಿನ ಎದುರು ನಿಂತಿದ್ದವರಿಗೆ ಕ್ಲ್ಯಾಶ್ ತಂಡವು ಅದೇ ವರ್ಷದ ಡಿಸೆಂಬರಿನಲ್ಲಿ ಕ್ವೀನ್ಸ್ ವಿಶ್ವವಿದ್ಯಾಲಯಕ್ಕೆ ಮರಳಿ ಬಂದು ಹಾಡಿತು. ಅಷ್ಟು ಹೊತ್ತಿಗೆ ಆ ಊರಿನ ನಾಲ್ವರು ಹುಡುಗರು ತಮ್ಮದೇ ಹಾಡುಗಳನ್ನು ಬರೆಯತೊಡಗಿದ್ದರು.